ಪಟ್ಟಿಯ ಏಳನೆಯ ಸಾಲು

ಅಪ್ಪ ಬರಿಗಾಲಲ್ಲೇ ಕಾರು ಓಡಿಸುತ್ತಿದ್ದರು. ಚಪ್ಪಲಿ ಬಿಚ್ಚಿ, ಹಳೆಯ ಪೇಪರಿನ ಹಾಳೆಯೊಂದರ ಮೇಲೆ ಜೋಡಿಸಿ, ಪಕ್ಕದ ಸೀಟಿನ ಕೆಳಗೆ ತಳ್ಳಿ, ಆಮೇಲೆ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕೀಲಿ ತಿರುಗಿಸುತ್ತಿದ್ದರು. ಇದರಲ್ಲಿ ವಿಶೇಷವೇನೂ ಇರಲಿಲ್ಲ. ಬನಶಂಕರಿಯ ನಮ್ಮ ಬೀದಿಯಲ್ಲಿ ಆಗ ಕಾರಿದ್ದ ಮನೆಗಳೇ ನಾಲ್ಕೈದು, ಅವುಗಳಲ್ಲಿ ಇನ್ನಿಬ್ಬರು ಗಂಡಸರು ಹೀಗೇ ಮಾಡುತ್ತಿದ್ದರು. ಕಾರು ಬಂದ ದಿನ ಅಯ್ಯನವರು ಮನೆಗೇ ಬಂದು ಬಾನೆಟ್ಟಿಗೆ ವಿಭೂತಿ ಎಳೆದು, ಮೂರು ಪೆಡಲುಗಳಿಗೂ ಕುಂಕುಮ ಇಟ್ಟು, ಹೂವು ಹಾಕಿದ್ದರು. ಆಮೇಲೆ ಅದರ ಮೇಲೆ ಚಪ್ಪಲಿ ಕಾಲಿಡುವುದು ಹೇಗೆ? "ನೀವು ಹಾಕ್ಕೊಂಡೇ ಕೂತ್ಕೊಳಿ, ನಾನೇನ್ ಬೇಡ ಅನ್ನಲ್ಲ. ನನ್ ಕೈಲಾಗಲ್ಲ ಅಷ್ಟೇ" ಎನ್ನುತ್ತಿದ್ದರು ಅಪ್ಪ.

ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಇದು ಅಪ್ಪನ ಎಡಗಾಲಿನ ವಿಷಯ. ಆ ಕಾಲು ಈಗ ಇಲ್ಲ. ಅದು ಹೋದದ್ದರಲ್ಲಿ ಸಕ್ಕರೆ ಕಾಯಿಲೆಯ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದನ್ನು ಈ ಐದಾರು ವರ್ಷ ಪರವಾಗಿಯೂ ವಿರೋಧವಾಗಿಯೂ ವಾದಿಸಿ ನೋಡಿದ್ದೇನೆ. ಎರಡೂ ಕಡೆ ನಾನೇ ಚೆನ್ನಾಗಿ ಮಾತನಾಡುತ್ತೇನೆ. ತೀರ್ಪು ಮಾತ್ರ ಬರುವುದಿಲ್ಲ.

ಜಯನಗರದ ಕಾಲೇಜೊಂದರಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ವಾರಕ್ಕೊಂದಾದರೂ ಅಂತರಕಾಲೇಜು ಸ್ಪರ್ಧೆ ಇರುತ್ತಿತ್ತು. ಮಾತಿಗೆ ಮೂರು ನಿಮಿಷ, ಮೊದಲ ಗಂಟೆಗೆ ಎಚ್ಚರಿಕೆ, ಎರಡನೆಯದಕ್ಕೆ ನಿಲುಗಡೆ, ಕೊನೆಯಲ್ಲಿ ಖಂಡನೆಗೆ ಒಂದೇ ನಿಮಿಷ. ಆ ಒಂದು ನಿಮಿಷವನ್ನು ಹೇಗೆ ಬಳಸಬೇಕೆಂದು ನಮ್ಮ ಮೇಷ್ಟ್ರು ಕಲಿಸಿದ್ದರು. "ಅವ್ನು ಹತ್ತು ಪಾಯಿಂಟ್ ಹೇಳಿರ್ತಾನೆ. ಹತ್ತಕ್ಕೂ ಉತ್ತರ ಕೊಡೋಕೆ ಹೋದ್ರೆ ಸತ್ತೆ ನೀನು. ಯಾವುದು ತೀರಾ ಬಡಕಲಾಗಿದೆ ನೋಡು. ಅದೊಂದನ್ನ ಎತ್ತಿ ಸಭೆಗೆ ತೋರ್ಸು. ಜನ ಒಂದ್ಸಲ ನಕ್ರು ಅಂದ್ರೆ ಮುಗೀತು, ಮಿಕ್ಕ ಒಂಬತ್ತನ್ನ ಯಾರೂ ನಂಬಲ್ಲ." ನಾನು ಇದರಲ್ಲಿ ಪಳಗಿದ್ದೆ. ಗೆದ್ದ ಫಲಕಗಳನ್ನು ಅಪ್ಪ ಮನೆಯಲ್ಲಿಡುತ್ತಿರಲಿಲ್ಲ. ನಾಲ್ಕನೇ ಬ್ಲಾಕಿನ ತಮ್ಮ ಸ್ಟೀಲ್ ಪಾತ್ರೆ ಅಂಗಡಿಯಲ್ಲಿ, ಕುಕ್ಕರುಗಳ ಸಾಲಿನ ಮೇಲೆ ಇಟ್ಟಿದ್ದರು. ಕುಕ್ಕರ್ ಕೊಳ್ಳಲು ಬಂದವರು ಅದೇನೆಂದು ಕೇಳಬೇಕು, ಅವರು ಹೇಳಬೇಕು, ಅದಕ್ಕೇ.

ಕಾರಿನ ಸರ್ವಿಸಿಗೆ ಅಪ್ಪನ ಜೊತೆ ಹೋಗುವ ಕೆಲಸ ನನಗೆ ಬಂದದ್ದು ಒಂದು ಶಾಯಿ ಗುರುತಿನಿಂದ. ಪಿಯುಸಿಯಲ್ಲಿದ್ದಾಗ, ಸುಮ್ಮನೆ ಪರೀಕ್ಷಿಸೋಣವೆಂದು, ಸರ್ವಿಸಿಗೆ ಬಿಡುವ ಮುನ್ನ ಏರ್ ಫಿಲ್ಟರಿನ ಅಂಚಿನಲ್ಲಿ ನೀಲಿ ಶಾಯಿಯ ಚುಕ್ಕೆ ಇಟ್ಟಿದ್ದೆ. ಸಂಜೆ ಕಾರು ಬಂತು. ಬಿಲ್ಲಿನಲ್ಲಿ ಹೊಸ ಫಿಲ್ಟರ್ ಇತ್ತು, ಕಾರಿನಲ್ಲಿ ನನ್ನ ಚುಕ್ಕೆ ಇತ್ತು. ಮರುದಿನ ಅಪ್ಪನನ್ನು ಎಳೆದುಕೊಂಡು ಹೋಗಿ ಕೌಂಟರಿನಲ್ಲಿ ಆ ಫಿಲ್ಟರನ್ನು ಇಟ್ಟಾಗ ಅಲ್ಲಿದ್ದವರ ಮುಖ ನೋಡಬೇಕಿತ್ತು. ಅಪ್ಪ ದಾರಿಯುದ್ದಕ್ಕೂ ನಕ್ಕರು. "ನಾನು ಇಷ್ಟ್ ವರ್ಷ ಸಾರ್ ಸಾರ್ ಅಂತ ತಲೆ ಆಡಿಸ್ಕೊಂಡ್ ಬಂದೆ. ಇನ್ಮೇಲೆ ನೀನೇ ಮಾತಾಡಮ್ಮ, ನಾನ್ ಬರೀ ಡ್ರೈವರ್ರು."

ಆಮೇಲಿಂದ ಒಂದು ಪದ್ಧತಿಯೇ ಆಯಿತು. ಯಾವ ಭಾಗ ಬದಲಿಸಿದರೂ ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಡಿಕ್ಕಿಯಲ್ಲಿಡಬೇಕು, ನಾನು ನೋಡಬೇಕು, ಆಮೇಲೇ ಸಹಿ. ಮಹಡಿ ಮೆಟ್ಟಿಲಿನ ಕೆಳಗೆ ರಟ್ಟಿನ ಡಬ್ಬದ ತುಂಬ ಸವೆದ ಬೆಲ್ಟು, ಕರಿ ಹಿಡಿದ ಪ್ಲಗ್ಗು. ಅಮ್ಮ ಅದನ್ನು ಗುಜರಿಗೆ ಹಾಕುತ್ತೇನೆಂದಾಗಲೆಲ್ಲ ನಾನು ಬಿಡುತ್ತಿರಲಿಲ್ಲ. ಅದು ನನ್ನ ಸಾಕ್ಷ್ಯ.

ಕೊನೆಯ ವರ್ಷದ ಡಿಗ್ರಿಯಲ್ಲಿದ್ದೆ. ಎಂಟು ತಿಂಗಳ ಹಿಂದಷ್ಟೇ ಹಾಕಿಸಿದ್ದ ಕ್ಲಚ್ ಪ್ಲೇಟು ಮತ್ತೆ ಹೋಗಿತ್ತು. ಏರು ರಸ್ತೆಯಲ್ಲಿ ಎಂಜಿನ್ ಅರಚುತ್ತಿತ್ತು, ಕಾರು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ, ಸುಟ್ಟ ಉಗುರಿನಂಥ ವಾಸನೆ ಒಳಗೆಲ್ಲ. ಸಾರಕ್ಕಿ ಸಿಗ್ನಲ್ ದಾಟಿ ಮುಂದಿದ್ದ ಕಂಪನಿಯ ಸರ್ವಿಸ್ ಸೆಂಟರಿಗೆ ಇಬ್ಬರೂ ಹೋದೆವು. ಒಂದು ವಾರದಿಂದ ನಾನು ತಯಾರಿ ಮಾಡಿದ್ದೆ. ಒಂದು ಪ್ಲೇಟು ಎಷ್ಟು ವರ್ಷ ಬರಬೇಕೆಂದು ಕಾರಿದ್ದ ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಂಡಿದ್ದೆ. ಎಂಟು ತಿಂಗಳೆಂದು ಒಬ್ಬರೂ ಹೇಳಿರಲಿಲ್ಲ.

ಅವತ್ತು ಕಾರು ನೋಡಿ, ಮಾಡಬೇಕಾದ ಕೆಲಸದ ಪಟ್ಟಿ ಬರೆಯಲು ನಮಗೆ ಸಿಕ್ಕ ಅಡ್ವೈಸರ್ ಹೊಸಬ. ವಿಜಾಪುರದ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದೇನೆಂದು ಅಪ್ಪ ಕೇಳಿದ್ದಕ್ಕೆ ಹೇಳಿದ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಸಾಮಾನ್ಯವಾಗಿ ಅಡ್ವೈಸರುಗಳು ಕೀಲಿ ಇಸಿದುಕೊಂಡು ತಾವೇ ಒಂದು ಸುತ್ತು ಹೊಡೆದು ಬರುತ್ತಾರೆ. ಇವನು ಹಾಗೆ ಮಾಡಲಿಲ್ಲ. "ಸಾಹೇಬ್ರ, ನೀವ ಓಡಸ್ರಿ, ನಾ ಬಾಜೂಕ ಕುಂದರ್ತೀನಿ" ಎಂದ. ನಾನು ಲಾಂಜಿನಲ್ಲಿ ಕೂತೆ. ಹತ್ತು ನಿಮಿಷಕ್ಕೆ ಮರಳಿ ಬಂದರು. ಅಪ್ಪ ಇಳಿದು ಗಾಜಿನ ಬಾಗಿಲವರೆಗೂ ನಡೆದು ಬಂದಾಗ ಅವನು ಹಿಂದಿನಿಂದ ಕೂಗಿದ.

"ಸಾಹೇಬ್ರ, ಚಪ್ಪಲ್!"

ಅಪ್ಪ ಕೆಳಗೆ ನೋಡಿಕೊಂಡರು. ಬಲಗಾಲಲ್ಲಿ ಚಪ್ಪಲಿ ಇತ್ತು, ಎಡಗಾಲಲ್ಲಿ ಇರಲಿಲ್ಲ. ಕಾರಿನ ಪಕ್ಕದಲ್ಲೇ ಕಳಚಿ ಬಿದ್ದಿತ್ತು. "ಅಯ್ಯೋ, ಮರೆವು ನೋಡಿ" ಎಂದು ನಕ್ಕು ಹೋಗಿ ಹಾಕಿಕೊಂಡು ಬಂದರು. ನಾನೂ ನಕ್ಕೆ. ಅಡ್ವೈಸರ್ ನಗಲಿಲ್ಲ, ನಿಂತು ಅವರ ಕಾಲನ್ನೇ ನೋಡುತ್ತಿದ್ದ. ಅದನ್ನು ನಾನು ನೋಡಿದ್ದೆ. ನೋಡಿ, ಇವನೇನು ನಮ್ಮ ಚಪ್ಪಲಿ ನೋಡಿ ಜೇಬಿನ ಭಾರ ಅಳೆಯುತ್ತಿದ್ದಾನೆ ಎಂದುಕೊಂಡಿದ್ದೆ.

ಅವನು ಬರೆದ ಪಟ್ಟಿಯಲ್ಲಿ ಏಳು ಸಾಲುಗಳಿದ್ದವು. ಮೊದಲನೆಯದು ಕ್ಲಚ್ ಸೆಟ್. ನಂತರದ ಐದು ಎಲ್ಲರಿಗೂ ಬರೆಯುವ ಮಾಮೂಲು: ಎಂಜಿನ್ ಒಳಗೆ ತೊಳೆಯುವುದು, ಎಸಿಗೆ ಯಾವುದೋ ಔಷಧಿ, ಇಂಥವು. ಏಳನೆಯ ಸಾಲು: ಕ್ಲಚ್ ಪೆಡಲ್ ರಬ್ಬರ್.

ನನಗೆ ಖುಷಿಯಾಯಿತು. ಮೇಷ್ಟ್ರು ಹೇಳುತ್ತಿದ್ದ ಬಡಕಲು ಪಾಯಿಂಟು ತಾನಾಗಿ ಬಂದು ಕೈಗೆ ಸಿಕ್ಕಿತ್ತು.

"ಇದೇನಿದು ಪೆಡಲ್ ರಬ್ಬರ್?" ಎಂದೆ, ಸ್ವಲ್ಪ ಜೋರಾಗಿಯೇ.

"ಪೆಡಲ್ ಮ್ಯಾಲಿನ ರಬ್ಬರ್ ಹೋಗೈತ್ರೀ ಮೇಡಂ. ಬರೇ ಕಬ್ಣ ಉಳದೈತಿ. ಅದನ್ನ ಮೊದ್ಲ ಹಾಕಸ್ರಿ."

"ಮೊದ್ಲಾ? ಕ್ಲಚ್ಚಿಗಿಂತ ಮೊದ್ಲು?"

"ಹೌದ್ರೀ."

"ಅದಿಲ್ದೆ ಕಾರು ಓಡಲ್ವಾ?"

"ಓಡ್ತೈತ್ರೀ, ಹಂಗಲ್ಲ..."

"ಓಡತ್ತೆ. ಒಪ್ಕೊಂಡ್ರಿ. ಓಡೋ ಕಾರಿಗೆ ರಬ್ಬರ್ ಹಾಕ್ಬೇಕು, ಅದೂ ಮೊದ್ಲು. ನಾಳೆ ಸ್ಟೇರಿಂಗಿಗೆ ಸ್ವೆಟರ್ ಬರೀತೀರಾ?"

ಲಾಂಜಿನಲ್ಲಿ ಆರೇಳು ಜನ ಕಾಯುತ್ತಿದ್ದರು. ನಕ್ಕರು. ಒಬ್ಬರು ಪೇಪರ್ ಮಡಚಿ ಕೂತರು. ಸಭೆ ನನ್ನ ಕಡೆ ಬಂದಿತ್ತು. ನಾನು ಎದ್ದು ನಿಂತೆ, ಅದು ಅಭ್ಯಾಸಬಲ.

"ಎಂಟು ತಿಂಗಳಲ್ಲಿ ಒಂದು ಪ್ಲೇಟು ಹೋಗತ್ತೆ ಅಂದ್ರೆ ಎರಡೇ ಕಾರಣ. ನೀವು ಹಾಕಿದ್ದು ಕಳಪೆ, ಇಲ್ಲಾ ನೀವು ಹಾಕೇ ಇಲ್ಲ. ಯಾವುದು ಹೇಳಿ."

"ಮೂರನೇದ್ದೂ ಐತ್ರೀ ಮೇಡಂ." ಅವನು ದನಿ ತಗ್ಗಿಸಿದ. ಅಪ್ಪನ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿದ. "ಸಾಹೇಬ್ರ ಎಡಗಾಲು ಯಾವಾಗ್ಲೂ ಪೆಡಲ್ ಮ್ಯಾಲೇ ಇರ್ತೈತ್ರೀ. ಗೇರ್ ಹಾಕಿದ ಮ್ಯಾಲೂ ತಗಿಯೂದಿಲ್ಲ. ಅವ್ರ ಕಾಲು ಸ್ವಲ್ಪ..."

"ಓಹೋ, ಬಂತು ನೋಡಿ! ಪಾರ್ಟು ಹಾಳಾದ್ರೆ ಡ್ರೈವರ್ ಸರಿ ಇಲ್ಲ. ಎಷ್ಟು ಹಳೇ ಟ್ರಿಕ್ಕಿದು!" ಲಾಂಜಿನವರ ಕಡೆ ತಿರುಗಿದೆ. "ನಮ್ಮಪ್ಪ ಹೆಚ್ಚುಕಮ್ಮಿ ಎಂಟು ವರ್ಷದಿಂದ ಇದೇ ಕಾರು ಓಡಿಸ್ತಿದಾರೆ. ಮೊದಲನೇ ಪ್ಲೇಟು ಏಳು ವರ್ಷ ಬಂತು. ಅಪ್ಪ, ನೀವೇ ಹೇಳಿ. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಾ?"

ಅಪ್ಪ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಹೇಳಿದರು, "ಇಲ್ವಲ್ಲಮ್ಮ. ಇಟ್ಟಿದ್ರೆ ನಂಗೆ ಗೊತ್ತಾಗಲ್ವಾ?"

"ಕೇಳಿಸ್ತಾ?" ಎಂದೆ ಅವನಿಗೆ. "ಅವರ ಕಾಲು, ಅವರಿಗೆ ಗೊತ್ತಾಗಲ್ವಾ?"

"ಅದನ್ನ ಹೇಳಾಕತ್ತೀನ್ರೀ ಮೇಡಂ, ಅವ್ರ ಕಾಲು..."

"ಕಾಲಿನ ವಿಷ್ಯ ಬಿಡಿ. ನೀವು ಡಾಕ್ಟ್ರಾ? ಕಾರಿನ ವಿಷ್ಯ ಮಾತಾಡಿ."

ಮತ್ತೆ ನಗು. ಅವನ ಕಿವಿ ಕೆಂಪಾಯಿತು. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. ಅಷ್ಟರಲ್ಲಿ ಕಾಯುತ್ತಿದ್ದವರಲ್ಲಿ ಇಬ್ಬರು ತಮ್ಮ ತಮ್ಮ ಪಟ್ಟಿ ಹಿಡಿದುಕೊಂಡು ಎದ್ದು ಬಂದಿದ್ದರು. ಒಬ್ಬರು, "ಗುರುಗಳೇ, ನಂಗೂ ಇದೇ ಎಸಿ ಔಷಧಿ ಬರ್ದಿದೀರಲ್ಲಾ!" ಎಂದು ಶುರುಮಾಡಿದರು. ಗಲಾಟೆ ಕೇಳಿ ಮ್ಯಾನೇಜರ್ ತಮ್ಮ ಕ್ಯಾಬಿನಿನಿಂದ ಹೊರಬಂದರು. ಹಳೆಯ ಶಾಯಿ ಚುಕ್ಕೆಯ ಪ್ರಕರಣ ಅವರಿಗೆ ನೆನಪಿತ್ತು ಎಂದು ಕಾಣುತ್ತದೆ, ನನ್ನನ್ನು ನೋಡಿದ ಕೂಡಲೇ ಕೈ ಮುಗಿದರು. ಕ್ಲಚ್ ಸೆಟ್ ಕಂಪನಿಯ ಖರ್ಚಿನಲ್ಲೇ ಹಾಕಿಸುತ್ತೇವೆ, ಮಿಕ್ಕದ್ದೆಲ್ಲ ಬಿಟ್ಟುಬಿಡೋಣ ಎಂದರು. ಆಮೇಲೆ ಅಡ್ವೈಸರ್ ಅವರ ಕಿವಿಯಲ್ಲಿ ಏನೋ ಹೇಳಿದ. ಮ್ಯಾನೇಜರ್ ಅವನ ಮೇಲೆ ರೇಗಿದರೂ, ನನ್ನ ಕಡೆ ತಿರುಗಿ ನಯವಾಗಿ, "ಆ ಪೆಡಲ್ ರಬ್ಬರ್ ಒಂದು ಫ್ರೀಯಾಗಿ ಹಾಕ್ಬಿಡ್ಲಾ ಮೇಡಂ? ಐದ್ ನಿಮಿಷದ ಕೆಲ್ಸ" ಎಂದರು.

ಇಲ್ಲಿ ನಾನು ಹೂಂ ಎನ್ನಬಹುದಿತ್ತು. ನಷ್ಟವೇನಿರಲಿಲ್ಲ. ಆದರೆ ಎದುರಾಳಿಯ ಒಂದು ಅಂಶ ಒಪ್ಪಿಕೊಂಡರೂ ಅವನ ವಾದಕ್ಕೆ ಉಸಿರು ಬರುತ್ತದೆ ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ರಬ್ಬರ್ ಹಾಕಿಸಿಕೊಂಡರೆ ರಬ್ಬರ್ ಬೇಕಿತ್ತು ಎಂದಾಗುತ್ತದೆ, ಬೇಕಿತ್ತು ಎಂದರೆ ಅವನು ಹೇಳಿದ ಕಾಲಿನ ಮಾತೂ ನಿಜವೆಂದಾಗುತ್ತದೆ. ಅಲ್ಲದೆ ಎಲ್ಲರೂ ನೋಡುತ್ತಿದ್ದರು.

"ಬೇಡ. ಬೇಡದ ಪಾರ್ಟು ಫ್ರೀ ಕೊಟ್ರೂ ಬೇಡ" ಎಂದು ಅಡ್ವೈಸರನ ಕೈಯಿಂದ ಪೆನ್ನು ಇಸಿದುಕೊಂಡು ಏಳನೆಯ ಸಾಲಿನ ಮೇಲೆ ಗೆರೆ ಎಳೆದೆ. ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದೆ.

ಮನೆಗೆ ಬರುವಾಗ ಅಪ್ಪ ಕಾರು ನಿಲ್ಲಿಸಿ ಇಬ್ಬರಿಗೂ ಕಬ್ಬಿನ ಹಾಲು ಕೊಡಿಸಿದರು. ತಮಗೆ ಸಕ್ಕರೆ ಕಾಯಿಲೆ ಇರುವುದನ್ನು ನೆನಪಿಸಿದ್ದಕ್ಕೆ, "ಇವತ್ತು ಒಂದಿನ ಸುಮ್ನಿರೇ" ಎಂದರು.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಬೀದಿಯಲ್ಲಿ ಯಾರಿಗಿರಲಿಲ್ಲ? ಬೆಳಗ್ಗೆ ಒಂದು ಮಾತ್ರೆ, ಹಬ್ಬದ ದಿನ ಅದಕ್ಕೆ ರಜೆ. ಆಗೀಗ ಕಾಲು ಜೋಮು ಹಿಡಿದಿದೆ ಎನ್ನುತ್ತಿದ್ದರು, ಅಮ್ಮ ಎಳ್ಳೆಣ್ಣೆ ತಿಕ್ಕುತ್ತಿದ್ದರು. ಆಮೇಲಾಮೇಲೆ ಜೋಮಿನ ಮಾತೂ ನಿಂತಿತ್ತು. ಗುಣವಾಯಿತೆಂದು ನಾವು ತಿಳಿದೆವು.

ಆ ಮಧ್ಯಾಹ್ನದಿಂದ ನಾಲ್ಕು ತಿಂಗಳು. ಅಪ್ಪ ದಿನಾ ಅಂಗಡಿಗೆ ಹೋದರು, ಬಂದರು. ಎಡಗಾಲಿನ ಹೆಬ್ಬೆರಳ ಕೆಳಗಿನ ದಿಂಡು, ಬರಿಯ ಕಬ್ಬಿಣದ ಅಂಚಿನ ಮೇಲೆ, ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ. ಸಿಗ್ನಲ್ ಇರುವಲ್ಲಿ ಇನ್ನೂ ಜಾಸ್ತಿ. ಡ್ರೈವರ್ ಕಡೆಯ ಮ್ಯಾಟಿನಲ್ಲಿ ಕಂದು ಕಲೆ ಕಂಡಿತ್ತು. ಆಯುಧಪೂಜೆ ಆಗಷ್ಟೇ ಮುಗಿದಿತ್ತು, ಪೆಡಲಿಗೆ ಹಚ್ಚಿದ ಕುಂಕುಮ ಬೆವರಿಗೆ ಕರಗಿದೆ ಎಂದುಕೊಂಡೆ. ನಮ್ಮ ಮನೆಯ ನೆಲ ಹಳೆಯ ಕಾಲದ ಕೆಂಪು ನೆಲ. ಅದರ ಮೇಲೆ ಏನು ಬಿದ್ದರೂ ಕಾಣುವುದಿಲ್ಲ. ಒಂದು ದಿನ ನೆಲ ಒರೆಸಿದ ಅಮ್ಮ ಬಟ್ಟೆ ಹಿಂಡಿ, ಬಕೆಟ್ಟಿನ ನೀರು ನೋಡಿ, "ಈ ನೆಲದ ಬಣ್ಣ ಇಷ್ಟ್ ವರ್ಷ ಆದ್ಮೇಲೂ ಬಿಡ್ತಾ ಇದ್ಯಲ್ಲಾ" ಎಂದಿದ್ದರು. ನಾನು ಪಕ್ಕದಲ್ಲೇ ಕೂತು ಮುಂದಿನ ಸ್ಪರ್ಧೆಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ.

ಪ್ರತಿಯೊಂದನ್ನೂ ಅನುಮಾನಿಸುವುದು ನನ್ನ ಹೆಮ್ಮೆಯಾಗಿತ್ತು. ಕೆಂಪು ನೀರನ್ನು ಅನುಮಾನಿಸಲಿಲ್ಲ.

ಕೊನೆಗೆ ತಿಳಿದದ್ದು ವಾಸನೆಯಿಂದ. ಸೋಮವಾರದ ಪೂಜೆಗೆ ಅಪ್ಪ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಕೈಯಲ್ಲಿ ಲಿಂಗ. ಹೂವು ಕೊಡಲು ಬಗ್ಗಿದ ಅಮ್ಮ ಮೂಗು ಮುಚ್ಚಿಕೊಂಡರು. ಇಲಿ ಸತ್ತಿದೆಯೇನೋ ಎಂದು ನಾವಿಬ್ಬರೂ ದೇವರ ಮನೆಯಲ್ಲೆಲ್ಲ ಹುಡುಕಿದೆವು. ಅಪ್ಪನೂ ಕೂತಲ್ಲಿಂದಲೇ "ಆ ಮೂಲೆ ನೋಡಿ" ಎಂದು ಹೇಳುತ್ತಿದ್ದರು. ಆಮೇಲೆ ಅಮ್ಮನ ಕಣ್ಣು ಅವರ ಎಡ ಅಂಗಾಲಿನ ಮೇಲೆ ಬಿತ್ತು.

ಒಂದು ನೇರ ಗೆರೆ. ಸ್ಕೇಲ್ ಇಟ್ಟು ಎಳೆದಂತೆ. ಅದರ ಸುತ್ತ ಕಪ್ಪು.

"ನೋವಾಗ್ಲಿಲ್ವೇನ್ರೀ?" ಎಂದು ಅಮ್ಮ ಕೂಗಿದರು. ಅಪ್ಪ ಕಾಲನ್ನು ಎತ್ತಿ ತಿರುಗಿಸಿ ನೋಡಿಕೊಂಡು, ಬೇರೆ ಯಾರದ್ದೋ ಕಾಲು ನೋಡುವವರಂತೆ, "ಇದು ಯಾವಾಗಾಯ್ತು?" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಅವರಿಗೆ ಕಣ್ಣು ಮುಚ್ಚಿಸಿದರು. ನೈಲಾನ್ ದಾರದಂಥದ್ದೊಂದು ಕಡ್ಡಿ ಅವರ ಕೈಯಲ್ಲಿತ್ತು. "ನಾನು ಮುಟ್ಟಿದಾಗೆಲ್ಲ ಹೂಂ ಅನ್ನಿ" ಎಂದರು. ನಾನು ಮಂಚದ ತುದಿಯಲ್ಲಿ ನಿಂತಿದ್ದೆ. ಡಾಕ್ಟರು ಹೆಬ್ಬೆರಳಿಗೆ ಮುಟ್ಟಿಸಿದರು, ಕಿರುಬೆರಳಿಗೆ, ಹಿಮ್ಮಡಿಗೆ, ಪಾದದ ಮೇಲೆ. ಅಪ್ಪ ಕಣ್ಣು ಮುಚ್ಚಿಕೊಂಡು, ಒಳ್ಳೆಯ ವಿದ್ಯಾರ್ಥಿಯಂತೆ ಗಮನವಿಟ್ಟು ಕಾಯುತ್ತಿದ್ದರು. ಡಾಕ್ಟರು ಸೂಜಿ ತೆಗೆದುಕೊಂಡು ಚುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಹೇಳಿದರು:

"ನಾನು ರೆಡಿ ಸಾರ್. ಶುರು ಮಾಡಿ."

ಡಾಕ್ಟರು ನನ್ನ ಮುಖ ನೋಡಿದರು. ಇಟ್ಟಿದ್ರೆ ನಂಗೆ ಗೊತ್ತಾಗಲ್ವಾ ಎಂದು ಅಪ್ಪ ಕೇಳಿದ್ದರು. ಅದನ್ನು ಸಾಕ್ಷಿಯೆಂದು ಲಾಂಜಿನ ಜನರ ಮುಂದೆ ಎತ್ತಿ ಹಿಡಿದವಳು ನಾನು. ಅದಕ್ಕೆ ಉತ್ತರ ಇಲ್ಲಿತ್ತು, ಮಂಚದ ಮೇಲೆ.

"ಗಾಯ ಇಷ್ಟು ನೇರಕ್ಕಿದೆಯಲ್ಲ, ಏನಾದ್ರೂ ಒತ್ತುತ್ತಾ ಇತ್ತಾ ಇಲ್ಲಿ?" ಎಂದು ಡಾಕ್ಟರು ಕೇಳಿದರು. ಅಪ್ಪ ತಲೆ ಕೆರೆದುಕೊಂಡರು. ಅಮ್ಮ ಚಪ್ಪಲಿ ಇರಬಹುದು ಎಂದರು. ನನಗೆ ಗೊತ್ತಿತ್ತು, ಹೇಳಲಿಲ್ಲ. ಚಪ್ಪಲಿ ಎಂದೇ ಕಾಗದದಲ್ಲಿ ಬರೆದುಕೊಂಡರು.

ಮೊದಲು ಹೆಬ್ಬೆರಳು ತೆಗೆದರು. ಹದಿನೈದು ದಿನಕ್ಕೆ ಮುಂಗಾಲು. ಆಮೇಲೆ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದು, ಮಂಡಿಯ ಕೆಳಗೆ. ಈ ನರಗಳು ಸತ್ತು ಎರಡು ಮೂರು ವರ್ಷವಾದರೂ ಆಗಿರಬೇಕು, ಇವತ್ತಲ್ಲ ನಾಳೆ ಏನಾದರೂ ಒಂದು ಚುಚ್ಚಿಯೇ ಚುಚ್ಚುತ್ತಿತ್ತು ಎಂದು ಡಾಕ್ಟರು ಅಮ್ಮನಿಗೆ ಹೇಳಿದರು. ನನ್ನ ಪರವಾಗಿ ವಾದಿಸುವಾಗ ನಾನು ಈ ಮಾತನ್ನೇ ಮೊದಲು ಎತ್ತುತ್ತೇನೆ. ಒಳ್ಳೆಯ ವಾದ. ಆದರೆ ಚುಚ್ಚಿದ್ದು ಏನಾದರೂ ಒಂದಲ್ಲ, ಇಂಥದ್ದೇ ಎಂದು ನನಗೆ ಗೊತ್ತು. ಅದನ್ನು ಮೊದಲೇ ಕಂಡವನೊಬ್ಬನಿದ್ದ ಎಂಬುದೂ ಗೊತ್ತು.

ಅಪ್ಪ ಮನೆಗೆ ಬಂದ ಮೇಲೆ ಒಂದು ಬೆಳಗ್ಗೆ ನಾನೇ ಕಾರು ತೆಗೆದೆ. ಅಪ್ಪನ ಕೈಯಲ್ಲೇ ಕಲಿತಿದ್ದೆ, ಆದರೆ ಯಾವಾಗಲೂ ಶೂ ಹಾಕಿಕೊಂಡು. ಅವತ್ತು ಬಿಚ್ಚಿ ಕೂತೆ. ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟು ಒತ್ತಿದೆ. ತಣ್ಣಗಿನ ಕಬ್ಬಿಣ, ಅದರ ಮೇಲಂಚು ದೋಸೆ ಮಗುಚುವ ಸಟ್ಟುಗದಂತೆ ಹರಿತ. ಸಾರಕ್ಕಿಯವರೆಗೆ ಹೋಗುವಷ್ಟರಲ್ಲಿ ನಾಲ್ಕು ಸಲ ಕಾಲು ಸರಿಸಿಕೊಳ್ಳಬೇಕಾಯಿತು. ನೋವಿದ್ದವರು ಸರಿಸಿಕೊಳ್ಳುತ್ತಾರೆ.

ಅಡ್ವೈಸರ್ ಇನ್ನೂ ಅಲ್ಲೇ ಇದ್ದ. ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಪೆಡಲ್ ರಬ್ಬರ್ ಹಾಕ್ಬೇಕಿತ್ತು" ಎಂದೆ.

ಅವನು ಏನೂ ಕೇಳದೆ ಒಳಗೆ ಹೋಗಿ, ಅಂಗೈಯಲ್ಲಿ ಮುಚ್ಚಬಹುದಾದಷ್ಟು ಚಿಕ್ಕ ಕಪ್ಪು ತುಂಡೊಂದನ್ನು ತಂದು, ತಾನೇ ಬಗ್ಗಿ ಕೂತು, ಹೆಬ್ಬೆರಳಿನಿಂದ ಅಂಚುಗಳನ್ನು ಒತ್ತಿ ಕೂರಿಸಿದ. ಐದು ನಿಮಿಷವೂ ಆಗಲಿಲ್ಲ. ಎದ್ದು ಕೈ ಒರೆಸಿಕೊಳ್ಳುತ್ತಾ, "ಸಾಹೇಬ್ರ ಹೆಂಗದಾರ್ರೀ?" ಎಂದ.

ಹೇಳಿದೆ. ಅವನು ಪೆಡಲಿನ ಕಡೆ ಕೈ ತೋರಿಸಿದ. "ಅವತ್ತ ಪೆಡಲ್ ಮ್ಯಾಲೆ ಕೆಂಪಗ ಇತ್ರೀ ಮೇಡಂ. ಕುಂಕುಮ ಅನಕೊಂಡೆ. ಮುಟ್ಟಿ ನೋಡಿದ್ರ ಹಸಿ ಇತ್ತು. ನಮ್ಮ ಕಾಕಾಗ ಹಿಂಗ ಆಗಿತ್ರೀ, ಚಪ್ಪಲ್ ಬಿದ್ದಿದ್ದ ಗೊತ್ತಾಗ್ತಿರ್ಲಿಲ್ಲ. ಎಲ್ಲಾರ ಮುಂದ ಸಾಹೇಬ್ರಿಗೆ ಹೆಂಗ ಹೇಳೂದಂತ, ರಬ್ಬರ್ ಅಂತ ಬರದೆ."

"ಮತ್ತೆ ಆ ಎಸಿ ಔಷಧಿ?" ಎಂದೆ. ಯಾಕೆ ಕೇಳಿದೆನೋ. ಅವನದ್ದು ಏನಾದರೂ ತಪ್ಪಿರಬೇಕಿತ್ತು ನನಗೆ.

"ಅದು ಬರೀಲಿಲ್ಲಂದ್ರ ಬೈತಾರ್ರೀ" ಎಂದ. "ಅವು ಐದೂ ಬ್ಯಾಡಾಗಿದ್ವು. ನೀವು ಹೇಳಿದ್ದು ಖರೇ ಇತ್ತು."

ಅಂದರೆ ಐದು ಸಾಲುಗಳ ವಿಷಯದಲ್ಲಿ ನಾನು ಗೆದ್ದಿದ್ದೆ. ಕ್ಲಚ್ಚೂ ಸೇರಿಸಿಕೊಂಡರೆ ಐದೂವರೆ ಎನ್ನಬೇಕೇನೋ. ಹಳೆಯ ಭಾಗವನ್ನು ಕವರಿನಲ್ಲಿ ಕೊಡುವ ಪದ್ಧತಿ ಅವನಿಗೆ ನೆನಪಿತ್ತು. ಖಾಲಿ ಕೈ ತೋರಿಸಿ, "ಹಳೇದು ಏನೂ ಇಲ್ರೀ ಕೊಡಾಕ" ಎಂದ. ಮನೆಗೆ ಬಂದು ಮೆಟ್ಟಿಲ ಕೆಳಗಿನ ಡಬ್ಬವನ್ನು ನಾನೇ ಗುಜರಿಗೆ ಹಾಕಿದೆ.

ಅಪ್ಪನಿಗೆ ಈವರೆಗೂ ಹೇಳಿಲ್ಲ. ಅವರನ್ನು ನೋಡಲು ಬಂದ ನೆಂಟರಿಗೆ, ಅಂಗಡಿಯ ಹಳೆಯ ಗಿರಾಕಿಗಳಿಗೆ ಅವರು ಕಾಲಿನ ವಿಷಯ ಎರಡು ಮಾತಲ್ಲಿ ಮುಗಿಸಿ ಸರ್ವಿಸ್ ಸೆಂಟರಿನ ವಿಷಯಕ್ಕೆ ಬರುತ್ತಾರೆ. "ಸ್ಟೇರಿಂಗಿಗೆ ಸ್ವೆಟರ್ ಬರೀತೀರಾ ಅಂದ್ಬಿಟ್ಲು! ಆ ಮ್ಯಾನೇಜರ್ ಕೈ ಮುಗ್ದ!" ಎಂದು ನಗುತ್ತಾರೆ. ನಕ್ಕಾಗ ಹೊದಿಕೆಯ ಕೆಳಗೆ ಬಲಗಾಲು ಮಾತ್ರ ಅಲುಗುತ್ತದೆ. ನಾನು ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತೇನೆ. ಅಪ್ಪನಿಗೆ ಗೊತ್ತಿದೆಯೋ, ಗೊತ್ತಿದ್ದೂ ನನಗಾಗಿ ಆ ಕಥೆಯನ್ನು ಹೀಗೇ ಹೇಳುತ್ತಾರೋ, ನನಗೆ ತಿಳಿಯುವುದಿಲ್ಲ. ಕೇಳುವ ಧೈರ್ಯ ಮಾಡಿಲ್ಲ.

ಗಾಯ ಒಣಗಿದ ಮೇಲೆ ಕೃತಕ ಕಾಲಿಗೆ ಅಳತೆ ಕೊಡಲು ವಿಲ್ಸನ್ ಗಾರ್ಡನ್ನಿನ ಒಂದು ಅಂಗಡಿಗೆ ಹೋದೆವು. ಗೋಡೆಯ ಮೇಲೆ ಸಾಲಾಗಿ ಕಾಲುಗಳು ತೂಗುತ್ತಿದ್ದವು. ಅಳತೆ ತೆಗೆದುಕೊಂಡ ಮನುಷ್ಯ ಸಕತ್ ಮಾತಿನವನು. ಅಪ್ಪನನ್ನು ಅಂಕಲ್ ಅಂಕಲ್ ಎನ್ನುತ್ತಾ, ಕಾಲಿನ ಜೊತೆಗೆ ಬೇಕಾಗುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದ. ಒಳಗೆ ಹಾಕುವ ಮೆತ್ತೆ, ಅದರ ಒಳಗೆ ಇನ್ನೊಂದು ಮೆತ್ತೆ, ವಿದೇಶಿ ಕಾಲುಚೀಲ, ಚರ್ಮಕ್ಕೆ ಹಚ್ಚುವ ಪುಡಿ, ಮೊಂಡುಗಾಲು ಊದದಿರಲು ಒಂದು ಪಟ್ಟಿ. ಬರೆಯುತ್ತಲೇ ಹೋದ.

ಅಪ್ಪ ಚೀಟಿಯನ್ನು ದೂರ ಹಿಡಿದು ಓದಿದರು. ಅವರ ಮುಖದಲ್ಲಿ ಎಷ್ಟೋ ತಿಂಗಳ ನಂತರ ಹಳೆಯ ತುಂಟತನ ಬಂತು. ಚೀಟಿಯನ್ನು ನನ್ನ ಕೈಗಿಟ್ಟು, ಗಾಲಿಕುರ್ಚಿಯಲ್ಲಿ ಹಿಂದಕ್ಕೊರಗಿ ಆ ಮನುಷ್ಯನಿಗೆ ಹೇಳಿದರು: "ನನ್ನ ಏನೂ ಕೇಳ್ಬೇಡಿ ಸ್ವಾಮಿ. ಇವಳನ್ನ ಒಪ್ಪಿಸಿ, ನೋಡೋಣ. ಕೇಳಮ್ಮ, ಇದೆಲ್ಲಾ ಬೇಕಾ ಅಂತ ಕೇಳು."

ಆ ಮನುಷ್ಯ ನನ್ನ ಕಡೆ ತಿರುಗಿದ. ಅಮ್ಮನೂ ನೋಡಿದರು. ನಾನು ಚೀಟಿ ಓದಿದೆ. ಎರಡನೆಯ ಮೆತ್ತೆಯ ಅಗತ್ಯವಿಲ್ಲ, ಪುಡಿ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಮೂಲಿ ಪುಡಿಯೇ ಎಂದು ಓದುತ್ತಲೇ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ. ಕೇಳಬೇಕಾದ ಪ್ರಶ್ನೆಗಳು ಒಂದರ ಹಿಂದೊಂದು ಬಾಯಿಯವರೆಗೂ ಬಂದಿದ್ದವು.

"ಏನಾದ್ರೂ ಬಿಟ್ಟಿದೀರಾ ನೋಡಿ" ಎಂದೆ. "ಇದ್ರೆ ಅದನ್ನೂ ಬರೀರಿ."

ಅವನಿಗೇ ಆಶ್ಚರ್ಯವಾಯಿತು. ಪೆನ್ನು ಕೊಟ್ಟ, ಸಹಿ ಮಾಡಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮುಖ ತಿರುಗಿಸಿ, ಗೋಡೆಯ ಮೇಲೆ ತೂಗುತ್ತಿದ್ದ ಕಾಲುಗಳಲ್ಲಿ ತಮ್ಮದು ಯಾವುದಾಗಬಹುದೆಂದು ಒಂದೊಂದಾಗಿ ನೋಡತೊಡಗಿದರು.